ಮುಯ್ಯಿ ಲೈನು

ನನಗೆ ಅನುಮಾನ ಜಾಸ್ತಿ. ಹಾಲು ಹಾಕುವವನು ನಗುನಗುತ್ತಾ ಮಾತಾಡಿಸಿದರೆ ಅವತ್ತು ನೀರು ಸ್ವಲ್ಪ ಹೆಚ್ಚೇ ಬಿದ್ದಿದೆ ಎಂದುಕೊಳ್ಳುತ್ತೇನೆ. ಮನೆಗೆ ಬೀಗ ಹಾಕಿ ಕಡೂರಿನ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಮತ್ತೆ ವಾಪಸ್ಸು ಬಂದು ಬೀಗ ಎಳೆದು ನೋಡಿದ್ದುಂಟು. "ನಿನ್ ಮುಂದೆ ದೇವ್ರು ಪ್ರತ್ಯಕ್ಷ ಆದ್ರೂ ಆಧಾರ್ ಕಾರ್ಡ್ ಕೇಳ್ತೀಯ ಕಣೇ" ಎಂದು ನನ್ನ ಗಂಡ ಛೇಡಿಸುತ್ತಾರೆ. ಕೇಳದೆ ಬಿಡುತ್ತೇನೆಯೇ? ಈ ಗುಣವನ್ನು ಎಲ್ಲರೂ ಬೈದವರೇ. ಆದರೆ ಇದೇ ಗುಣದಿಂದ ನನಗೊಂದು ಕೆಲಸವೂ ಸಿಕ್ಕಿತು.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಮೂವರಿದ್ದರು. ಒಬ್ಬೊಬ್ಬರದೂ ಒಂದೊಂದು ದಾರಿ. ಕಡೂರಿನವರು ಮೂವರಲ್ಲಿ ಅನುಕೂಲಸ್ಥರು. ಅವರದು ಫೈಬರ್, ಅಂದರೆ ರಸ್ತೆ ಬದಿಯಲ್ಲಿ ಹೂತು, ಕಂಬದ ಮೇಲೆ ಎಳೆದ ಗಾಜಿನ ತಂತಿ. ತರೀಕೆರೆಯವರು ಕೇಬಲ್ ಟೀವಿ ಕಾಲದಿಂದ ಇದ್ದ ವಯಸ್ಸಾದ ಮುಸ್ಲಿಮರು. ಊರಿಗೆಲ್ಲ ಅವರು ಭಾಯಿ. ಅವರದು ರೇಡಿಯೊ. ಅವರ ಮಹಡಿಯ ಮೇಲಿನ ಡಿಶ್ಶು ಅಮೃತಾಪುರದ ಒಂದು ಮನೆಯ ಮೇಲಿನ ಡಿಶ್ಶಿಗೆ ಎಸೆಯುತ್ತದೆ, ಅದು ಅಲ್ಲಿನ ಮನೆಗಳಿಗಷ್ಟು ಕೊಟ್ಟು ಉಳಿದದ್ದನ್ನು ಅಜ್ಜಂಪುರದ ಕಡೆಗೆ ಎಸೆಯುತ್ತದೆ, ನಡುವೆ ತಂತಿ ಏನೂ ಇಲ್ಲ. ಅಜ್ಜಂಪುರದವನು ನಲವತ್ತರ ಆಸುಪಾಸಿನವನು, ಮೊದಲು ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದು ಬಿಟ್ಟು ಬಂದವನು. ಅವನದು ಸಿಮ್ ಡಬ್ಬ. ಮೊಬೈಲಿನ ಸಿಮ್ಮನ್ನೇ ಒಂದು ಡಬ್ಬದೊಳಗೆ ಹಾಕಿ ಎತ್ತರದಲ್ಲಿ ಕಟ್ಟಿ, ಸುತ್ತಲಿನ ಮನೆಗಳಿಗೆ ಹಂಚುತ್ತಿದ್ದ. ಹೆಂಡತಿ ಅಂಗಡಿಯಲ್ಲಿ ಕೂರುತ್ತಿದ್ದಳು, ಅವನು ಕಂಬ ಹತ್ತುತ್ತಿದ್ದ. ಅವರ ಸಂಸಾರ ನಡೆಯುತ್ತಿದ್ದುದೇ ಅದರಲ್ಲಿ.

ಮೂರಕ್ಕೂ ಒಂದೊಂದು ಕಾಯಿಲೆ. ಎಲ್ಲಿ ರಸ್ತೆ ಅಗೆದರೂ ಫೈಬರ್ ಹೋಗುತ್ತದೆ. ಜೋರು ಮಳೆ ಗಾಳಿ ಎದ್ದರೆ, ನಡುವೆ ತೆಂಗಿನ ಗರಿ ಬಂದರೆ ರೇಡಿಯೊ ಮುನಿಸಿಕೊಳ್ಳುತ್ತದೆ. ಸಂಜೆ ಊರೆಲ್ಲ ಮೊಬೈಲ್ ಹಿಡಿದು ಕೂತರೆ ಸಿಮ್ ಡಬ್ಬಕ್ಕೆ ಸುಸ್ತು. ಒಬ್ಬನದು ಬಿದ್ದಾಗ ಉಳಿದಿಬ್ಬರು ಹೊರುವುದು ಎಂದು ಮೂವರೂ ಕೂತು ಮಾತಾಡಿಕೊಂಡರು. ಮೂರೂ ದಾರಿಗಳನ್ನು ಒಂದಕ್ಕೊಂದು ಜೋಡಿಸಿಕೊಂಡರು. ಕಡೂರಿನವರು ಅದಕ್ಕೆ ಅಡ್ಜಸ್ಟ್‌ಮೆಂಟ್ ಎಂದು ಹೆಸರಿಟ್ಟರು.

ಆದರೆ ಯಾವಾಗ ಯಾರ ಮನೆಗಳನ್ನು ಯಾವ ದಾರಿಗೆ ತಿರುಗಿಸಬೇಕು, ಯಾರಿಗೆ ಎಷ್ಟು, ಇದನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ? ಅದರ ಪಾಸ್‌ವರ್ಡ್ ಯಾರ ಕೈಲಿದ್ದರೂ ಉಳಿದಿಬ್ಬರಿಗೆ ನಿದ್ದೆ ಬರುವುದಿಲ್ಲ. ನಾನು ಕಡೂರಿನ ರೈಲ್ವೆ ಸ್ಟೇಷನ್ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದೆ. ಅದಕ್ಕೆ ಮೊದಲು ಚಿಕ್ಕಮಗಳೂರಿನ ಒಂದು ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಂಡಿದ್ದವಳು. ಯಾರನ್ನೂ ನಂಬುವುದಿಲ್ಲ ಎಂಬ ಖ್ಯಾತಿಯೂ ಇತ್ತು. ಮೂವರೂ ಒಟ್ಟಿಗೆ ಬಂದು ಕೇಳಿದರು, ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಒಬ್ಬೊಬ್ಬರೇ ಬಂದರು. "ಭಾಯಿ ಒಳ್ಳೇರೇ ಮೇಡಂ, ಆದ್ರೂ ಒಂದ್ ಕಣ್ಣಿಟ್ಟಿರಿ" ಎಂದರು ಕಡೂರಿನವರು. "ಕಡೂರಿನೋರು ದೊಡ್ಡೋರು, ನಾವೇನೂ ಅನ್ನಲ್ಲ. ಆದ್ರೂ ನೋಡ್ಕೊಂಡಿರಮ್ಮಾ" ಎಂದರು ಭಾಯಿ. ಅಜ್ಜಂಪುರದವನು ಬಂದು, "ಕಾಫಿ ಆಯ್ತಾ ಅಕ್ಕ?" ಎಂದು ಕೇಳಿ, ಬೇರೇನೂ ಹೇಳದೆ ಹೋದ. ನನಗೆ ಅವನ ಮೇಲೆಯೇ ಎಲ್ಲಕ್ಕಿಂತ ಹೆಚ್ಚು ಅನುಮಾನ ಬಂತು.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ನನ್ನ ಸೆಂಟರಿನ ಮೂಲೆಯ ಕಂಪ್ಯೂಟರಿನಲ್ಲಿ ಮೂರು ದಾರಿಗೆ ಮೂರು ಬಣ್ಣದ ಗೆರೆಗಳು ಓಡುತ್ತಿರುತ್ತಿದ್ದವು. ಒಂದು ಗೆರೆ ಕುಸಿದರೆ ಉಳಿದೆರಡು ತಾವಾಗಿಯೇ ಏಳುತ್ತಿದ್ದವು. ಎಷ್ಟು ಏಳಬೇಕು ಎಂಬುದಷ್ಟೇ ನನ್ನ ಕೈಲಿ. ಅರ್ಜಿ ತುಂಬಿಸಲು ಬಂದವರ ಜೊತೆ ಮಾತಾಡುತ್ತಲೇ ಒಂದು ಕಣ್ಣು ಆ ಕಡೆ ಇಟ್ಟಿರುತ್ತಿದ್ದೆ. ಗೆರೆಗಳು ಅಷ್ಟು ಹೊಂದಿಕೊಂಡು ಓಡುವುದನ್ನು ಕಂಡರೆ ಸಂತೋಷವಾಗಬೇಕು. ನನಗೆ ಮಾತ್ರ, ಎಲ್ಲೋ ಏನೋ ಮುಚ್ಚಿಟ್ಟಿದ್ದಾರೆ, ಇಲ್ಲದಿದ್ದರೆ ಇಷ್ಟು ನೆಟ್ಟಗೆ ಹೇಗೆ ನಡೆಯುತ್ತದೆ ಅನ್ನಿಸುತ್ತಿತ್ತು.

ಆಮೇಲೆ ಆ ದಿನ ಬಂತು. ಬೀರೂರಿನಾಚೆ ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿಯ ಹಲ್ಲಿಗೆ ಸಿಕ್ಕಿ ಅಜ್ಜಂಪುರಕ್ಕೆ ಹೋಗುವ ಫೈಬರ್ ಕಡಿದುಹೋಯಿತು. ಅದೇ ಮಧ್ಯಾಹ್ನ ಅಜ್ಜಂಪುರದ ಮೊಬೈಲ್ ಟವರಿಗೆ ಬರುವ ಕರೆಂಟು ಕೆಟ್ಟು, ಅದರ ಬ್ಯಾಟರಿಯೂ ಖಾಲಿಯಾಗಿ, ಸಿಮ್ ಡಬ್ಬಗಳೆಲ್ಲ ಸತ್ತವು. ಅಜ್ಜಂಪುರದ ಅಷ್ಟೂ ಮನೆಗಳು ಭಾಯಿಯ ರೇಡಿಯೊ ಮೇಲೆ ಬಂದು ಕೂತವು. ನಾನು ಕಡೂರಿನವರಿಗೆ ಫೋನ್ ಮಾಡಿದೆ, ಫೈಬರ್ ಜೋಡಿಸುವವರನ್ನು ಬೇಗ ಕಳಿಸಲಿ ಎಂದು. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್. ಅವರ ಫೋನು ಹಾಗೆ ಸುಮ್ಮನಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಂಜೆ ಕ್ರಿಕೆಟ್ ಮ್ಯಾಚು. ತರೀಕೆರೆಯ ಮನೆಗಳಲ್ಲಿ ಟೀವಿ ನಿಂತು ನಿಂತು ಓಡತೊಡಗಿತು. ಭಾಯಿ ನನಗೆ ಫೋನ್ ಮಾಡಿದರು.

"ನಮ್ ಜನ ಬಾಯಿಗ್ ಬಂದಂಗೆ ಬಯ್ತಾವ್ರಮ್ಮಾ. ಅಜ್ಜಂಪುರದ್ದು ಸ್ವಲ್ಪ ಹಿಡೀತೀಯಾ?"

"ಎಷ್ಟು ಹಿಡೀಲಿ?"

"ಅರ್ಧ ಮಾಡು."

"ಅವ್ನಿಗೆ ಹೇಳ್ಲಾ ಭಾಯ್?"

"ನೀನ್ ಬೇಡ. ನಾನೇ ಹೇಳ್ತೀನಿ ಆಮೇಲೆ."

ಡಿಶ್ಶು ಅವರದು, ಮೊದಲ ಹಕ್ಕು ಅವರದು. ಅರ್ಧ ಮಾಡಿದೆ. ಭಾಯಿ ಆಮೇಲೆ ಹೇಳಲಿಲ್ಲ ಎಂಬುದು ನನಗೆ ಗೊತ್ತಿತ್ತು. ಹೇಳಿದ್ದರೆ ಅಜ್ಜಂಪುರದವನು ನನಗೊಂದು ಫೋನ್ ಮಾಡದೆ ಇರುತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎಲ್ಲ ಸರಿಹೋಯಿತು. ನಾನು ದೋಸೆ ಹುಯ್ಯುತ್ತಿದ್ದೆ. ನಮ್ಮ ನಾಲ್ಕು ಜನರ ವಾಟ್ಸಾಪ್ ಗ್ರೂಪಿನಲ್ಲಿ ಅಜ್ಜಂಪುರದವನ ದನಿ ಬಂದು ಬಿತ್ತು. ಹಿಂದೆ ಯಾವುದೋ ಮೋಟರಿನ ಸದ್ದು, ನಾಯಿ ಬೊಗಳುವುದು. ಮಾತು ಮಾತ್ರ ಸ್ಪಷ್ಟವಾಗಿತ್ತು.

"ಭಾಯ್, ನಿನ್ನೆ ನಮ್ಗೆ ನೀವ್ ಮಾಡಿದ್ದನ್ನ ನಾನ್ ಮರಿಯೋನಲ್ಲ. ಮುಯ್ಯಿ ತೀರಿಸೇ ತೀರಿಸ್ತೀನಿ."

ದೋಸೆ ಸೀದಿತು. ನಾನು ಮತ್ತೆ ಹಾಕಿ ಕೇಳಿದೆ. ಮುಯ್ಯಿ. ನನಗೆ ಗೊತ್ತಿದ್ದ ಮುಯ್ಯಿ ಒಂದೇ, ಮುಯ್ಯಿಗೆ ಮುಯ್ಯಿ ಎನ್ನುವಾಗಿನ ಮುಯ್ಯಿ, ಸೇಡು. ನಾನು ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಹೊಲವನ್ನು ಕಂಡದ್ದೆಲ್ಲ ರೈಲಿನ ಕಿಟಕಿಯಿಂದ. ಗಂಡನಿಗೆ ಕೇಳಿಸಿದೆ. ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಹುಟ್ಟಿದ್ದು ಪೇಟೆಬೀದಿಯಲ್ಲಿ. "ಹುಷಾರಾಗಿರು ಕಣೇ, ಧಮ್ಕಿ ಇದ್ದಂಗಿದೆ" ಎಂದರು. ಸಾಮಾನ್ಯವಾಗಿ ನನ್ನ ಅನುಮಾನಕ್ಕೆ ನಗುವವರೇ ಹಾಗೆಂದ ಮೇಲೆ ಇನ್ನೇನು ಉಳಿಯಿತು?

ಭಾಯಿಯ ಫೋನು ಬಂತು.

"ಕೇಳಿಸ್ಕೊಂಡ್ಯೇನಮ್ಮಾ?"

"ಕೇಳಿಸ್ಕೊಂಡೆ."

"ಅರ್ಧ ಮಾಡಿದ್ದು ಅವ್ನಿಗೆ ಗೊತ್ತಾಗ್ಬಿಟ್ಟಿದೆ." ದನಿ ತಗ್ಗಿಸಿದರು. "ನೀನ್ ಹೇಳಿದ್ಯಾ?"

ನನ್ನ ಮೈ ಉರಿದುಹೋಯಿತು. ಎಲ್ಲರನ್ನೂ ಅನುಮಾನಿಸುವವಳು ನಾನು. ನನ್ನನ್ನು ಒಬ್ಬರು ಅನುಮಾನಿಸಿದರೆ ಎಷ್ಟು ಉರಿಯುತ್ತದೆ ಎಂಬುದು ಅವತ್ತು ಗೊತ್ತಾಯಿತು. "ನಾನ್ಯಾಕ್ ಹೇಳ್ಲಿ ಭಾಯ್?" ಎಂದು ಫೋನ್ ಇಟ್ಟೆ.

ಕಡೂರಿನವರು ನೇರವಾಗಿ ಸೆಂಟರಿಗೇ ಬಂದರು. ಇಸ್ತ್ರಿ ಅಂಗಿ, ಕೈಯಲ್ಲಿ ಕಾರಿನ ಕೀ. "ಏನ್ ಮೇಡಂ, ಅಜ್ಜಂಪುರದೋನು ಧಮ್ಕಿ ಹಾಕ್ತಾವ್ನಂತೆ? ಇಂಥೋರನ್ನೆಲ್ಲ ಜೊತೇಲಿ ಇಟ್ಕೊಂಡು ಹೆಂಗ್ ಬಿಸಿನೆಸ್ ಮಾಡೋದು?" ಎಂದರು. ಮಾತಿನಲ್ಲಿ ಸಿಟ್ಟಿತ್ತು, ಕಣ್ಣಿನಲ್ಲಿರಲಿಲ್ಲ. ನಿನ್ನೆ ಫೋನ್ ಯಾಕೆ ಆಫ್ ಆಗಿತ್ತು ಎಂದು ಕೇಳಿದೆ. ಮದುವೆಗೆ ಹೋಗಿದ್ದೆ, ಚಾರ್ಜ್ ಇರಲಿಲ್ಲ ಎಂದರು. ಎರಡು ಫೋನು ಇಟ್ಟುಕೊಂಡವರಿಗೆ ಎರಡರಲ್ಲೂ ಚಾರ್ಜ್ ಇರಲಿಲ್ಲ! ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡೆ.

ಒಂದು ವಾರವೂ ಆಗಿರಲಿಲ್ಲ, ಭಾಯಿಯ ಗೆರೆ ಅಮೃತಾಪುರದ ಹತ್ತಿರ ಎಡವತೊಡಗಿತು. ಪೂರ್ತಿ ಸಾಯುವುದಿಲ್ಲ, ನೆಟ್ಟಗೆ ಓಡುವುದೂ ಇಲ್ಲ. ನೆಗಡಿಯಾದ ಮಗು ಉಸಿರಾಡಿದ ಹಾಗೆ ಎಳೆದು ಎಳೆದು ನಡೆಯುತ್ತಿತ್ತು. ಮಳೆ ಇಲ್ಲ, ಗಾಳಿ ಇಲ್ಲ. ಭಾಯಿ ಆ ಮನೆಯೊಡತಿಗೆ ಫೋನ್ ಮಾಡಿ, ಡಿಶ್ಶು ಅಲ್ಲಾಡಿದೆಯೇ ನೋಡಿ ಎಂದು ಕೇಳಿದರು.

"ಅಯ್ಯೋ, ಮೊನ್ನೆ ನಿಮ್ ಅಜ್ಜಂಪುರದೋರು ಏಣಿ ಹಾಕ್ಕೊಂಡು ಹತ್ತಿದ್ರಲ್ಲ. ಏನೋ ಡಬ್ಬ ಕಟ್ಟಿ ಹೋದ್ರು. ನಿಮ್ಗೆ ಗೊತ್ತಿಲ್ವಾ?" ಎಂದಳಂತೆ ಆಕೆ.

ಭಾಯಿ ಇದನ್ನು ನನಗೆ ಹೇಳಿ, "ಈಗ್ಲೇ ಹೊರಟ್ ಬಾ" ಎಂದರು.

ಬಸ್ಸು ಹಿಡಿದು ತರೀಕೆರೆಗೆ ಹೋದೆ. ಅಲ್ಲಿಂದ ಭಾಯಿಯ ಹಳೆಯ ಕಾರಿನಲ್ಲಿ ಇಬ್ಬರೂ ಅಮೃತಾಪುರಕ್ಕೆ ಹೊರಟೆವು. ದಾರಿಯಲ್ಲಿ ಅವರು, "ಇಷ್ಟ್ ವರ್ಷ ಕೇಬಲ್ ನಡೆಸಿದ್ದೀನಿ, ನನ್ ಕಂಬಕ್ಕೆ ಯಾರೂ ಕೈ ಹಾಕಿರ್ಲಿಲ್ಲ" ಎಂದರು. ದೇವಸ್ಥಾನ ನೋಡಲು ಬಂದವರ ವ್ಯಾನುಗಳನ್ನು ದಾಟಿ, ಆ ಮನೆಯ ಮುಂದೆ ನಿಲ್ಲಿಸಿದರು. ಅವರ ಮೊಣಕಾಲು ನೋವು. ಆದರೂ ನನಗಿಂತ ಮೊದಲು ಮೆಟ್ಟಿಲು ಹತ್ತಿದರು.

ಡಿಶ್ಶಿನ ಕಂಬಕ್ಕೆ, ಅದರ ಕೆಳಗೇ, ಬೂದು ಬಣ್ಣದ ಒಂದು ಡಬ್ಬ. ಕಪ್ಪು ಪಟ್ಟಿಯಿಂದ ಬಿಗಿದು ಕಟ್ಟಿದ್ದ. ಅದರಿಂದ ಒಂದು ತಂತಿ ಹೊರಟು, ಅಲ್ಲಿನ ಮನೆಗಳಿಗೆ ಲೈನು ಹಂಚುವ ಭಾಯಿಯ ಸ್ವಿಚ್ಚಿನೊಳಗೆ ಹೋಗಿತ್ತು.

"ನೋಡು, ಕನ್ನ ಕೊರ್ದವ್ನೆ" ಎಂದರು ಭಾಯಿ.

ನಾನು ನನ್ನ ಮೊಬೈಲಿನಲ್ಲಿ ಗೆರೆ ತೆರೆದು ಹಿಡಿದುಕೊಂಡೆ. ಡಬ್ಬದ ಪ್ಲಗ್ ಕಿತ್ತೆ. ಎರಡು ಉಸಿರು ಎಳೆಯುವಷ್ಟರಲ್ಲಿ ಗೆರೆ ನೆಟ್ಟಗಾಯಿತು. ಮತ್ತೆ ಹಾಕಿದೆ, ಎಡವಿತು. ಕಿತ್ತೆ, ನೆಟ್ಟಗಾಯಿತು. ಇದಕ್ಕಿಂತ ಸಾಕ್ಷಿ ಬೇಕೇ?

"ಈಗ್ಲೇ ಅವನ್ನ ಕಟ್ ಮಾಡು" ಎಂದರು ಭಾಯಿ. "ಇಲ್ಲೇ ನಿಂತ್ಕೊಂಡು ಮಾಡು. ನಾನ್ ನೋಡ್ಬೇಕು."

ಕಟ್ ಮಾಡುವುದು ನನ್ನ ಬೆರಳ ತುದಿಯ ಕೆಲಸ. ಅಜ್ಜಂಪುರವನ್ನು ಫೈಬರಿನಿಂದಲೂ ರೇಡಿಯೊದಿಂದಲೂ ಬಿಡಿಸಿದರೆ ಅವನಿಗೆ ಉಳಿಯುವುದು ಸಂಜೆಗೆ ಸುಸ್ತಾಗುವ ಸಿಮ್ ಡಬ್ಬಗಳು ಮಾತ್ರ. ಜನ ಎಷ್ಟು ದಿನ ತಾಳುತ್ತಾರೆ? ತಿಂಗಳು ತುಂಬುವುದರೊಳಗೆ ಅವನ ಅಂಗಡಿಯ ಬಾಗಿಲು ಮುಚ್ಚುತ್ತದೆ. ಬಿಟ್ಟು ಬಂದ ಪಂಚಾಯಿತಿ ಕೆಲಸ ಮತ್ತೆ ಸಿಗುವುದಿಲ್ಲ. ಅದೆಲ್ಲ ನನಗೆ ಹೊಳೆಯಿತು. ಆದರೂ ಹೇಳುತ್ತೇನೆ, ಬೆರಳು ತಡೆದದ್ದು ಕರುಣೆಯಿಂದಲ್ಲ. ಮೊಬೈಲ್ ತೆರೆದಿದ್ದಾಗಲೇ ಕಡೂರಿನವರ ಫೋನು ಬಂತು.

"ಏನ್ ಮೇಡಂ, ಡಬ್ಬ ಸಿಕ್ತಾ? ಕಟ್ ಮಾಡಿದ್ರಾ? ಮಾಡ್ಬಿಡಿ. ಅಲ್ಲಿ ಮನೆಗಳ ಚಿಂತೆ ಬೇಡ, ನಾಳೇನೇ ನಮ್ಮೋರು ಅಜ್ಜಂಪುರಕ್ಕೆ ಹೋಗಿ ಎಲ್ರಿಗೂ ಫೈಬರ್ ಎಳೀತಾರೆ. ವೈರು, ಸಾಮಾನು ಎಲ್ಲ ತರಿಸಿಟ್ಟಿದ್ದೀನಿ."

ಡಬ್ಬದ ವಿಷಯ ಅಮೃತಾಪುರಕ್ಕೆ ಹೊರಡುವ ಮುಂಚೆ ಭಾಯಿಯೇ ಅವರಿಗೆ ಹೇಳಿದ್ದರು, ಅದು ಸರಿ. ಆದರೆ ಅಷ್ಟೂ ಮನೆಗಳಿಗೆ ಬೇಕಾಗುವ ಸಾಮಾನನ್ನು ಒಬ್ಬರು ಯಾವಾಗ ತರಿಸಿಟ್ಟರು? ಅಜ್ಜಂಪುರದವನು ಹೋಗುತ್ತಾನೆ ಎಂದು ಅವರಿಗೆ ಅಷ್ಟು ಮೊದಲೇ ಹೇಗೆ ಗೊತ್ತು? ನನ್ನ ಅನುಮಾನ ಅಜ್ಜಂಪುರದಿಂದ ಎದ್ದು ಕಡೂರಿನ ಕಡೆ ತಿರುಗಿ ಕೂತಿತು.

"ಡಬ್ಬದೊಳಗೆ ಏನಿದೆ ನೋಡಿ ಆಮೇಲೆ ಕಟ್ ಮಾಡ್ತೀನಿ ಭಾಯ್" ಎಂದೆ.

"ನೀನ್ ಯಾರ್ ಕಡೆ?"

"ಯಾರ್ ಕಡೇನೂ ಅಲ್ಲ. ಅದಕ್ಕೇ ತಾನೆ ನನ್ನ ಇಟ್ಕೊಂಡಿದ್ದು?"

ಭಾಯಿ ಮುಖ ತಿರುಗಿಸಿ ಇಳಿದು ಹೋದರು. ಡಬ್ಬ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನಾನೂ ಇಳಿದೆ.

ಮನೆಯಲ್ಲಿ ಊಟದ ಮೇಜಿನ ಮೇಲೆ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಗಂಡ ಪಲ್ಯದ ಪಾತ್ರೆ ಕೈಯಲ್ಲಿ ಹಿಡಿದು, ಎಲ್ಲಿಡುವುದು ಎಂದು ನಿಂತಿದ್ದರು. ಡಬ್ಬದ ಪಾಸ್‌ವರ್ಡ್ ಅದರ ಬೆನ್ನ ಮೇಲೆ ಅಂಟಿಸಿದ್ದೇ. ಬದಲಾಯಿಸಿರಲೇ ಇಲ್ಲ. ಕನ್ನ ಹಾಕಲು ಬಂದವನು ಬಾಗಿಲು ತೆರೆದಿಟ್ಟು ಹೋಗುತ್ತಾನೆಯೇ? ನನಗೆ ಇನ್ನೂ ಅನುಮಾನ ಹೆಚ್ಚಾಯಿತು.

ಒಳಗೆ ಒಂದು ಸಿಮ್ ಇತ್ತು. ಯಾವುದು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಬರೆದಿದ್ದ. ಅದನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಭಾಯಿಯ ರೇಡಿಯೊ ಪೂರ್ತಿ ಬಿದ್ದುಹೋದರೆ ಮಾತ್ರ ಈ ಡಬ್ಬ ಎಚ್ಚರಗೊಳ್ಳಬೇಕು. ಎಚ್ಚರಗೊಂಡು, ತನ್ನ ಸಿಮ್ಮಿನಿಂದ ಅಮೃತಾಪುರದಲ್ಲಿರುವ ಭಾಯಿಯ ಮನೆಗಳಿಗೆ ಕೊಡಬೇಕು. ಅಷ್ಟೇ. ಅಜ್ಜಂಪುರದ ಕಡೆಗೆ ಒಂದು ಹನಿಯೂ ಹೋಗುವ ದಾರಿ ಅದರಲ್ಲಿ ಇರಲಿಲ್ಲ. ಕೊಡುವ ಬಾಗಿಲಿತ್ತು, ತೆಗೆದುಕೊಳ್ಳುವ ಬಾಗಿಲಿರಲಿಲ್ಲ.

ಹಾಗಾದರೆ ಗೆರೆ ಎಡವಿದ್ದು? ಅದೂ ಸಿಕ್ಕಿತು. ಆ ಡಬ್ಬ ಸುಮ್ಮನಿದ್ದಾಗಲೂ ತಾನಿದ್ದೇನೆ ಎಂದು ಸುತ್ತಲೂ ಕೂಗುತ್ತಿರುತ್ತದೆ. ಭಾಯಿಯ ಡಿಶ್ಶು ಮಾತಾಡುವ ಚಾನೆಲ್ಲಿನಲ್ಲೇ ಇದೂ ಕೂಗುತ್ತಿತ್ತು, ಅದೂ ಗೇಣು ಅಂತರದಲ್ಲಿ. ಪಕ್ಕದಲ್ಲೇ ಕೂತು ಒಬ್ಬ ಕಿವಿಯಲ್ಲಿ ಕಿರುಚುತ್ತಿದ್ದರೆ ದೂರದವನ ಮಾತು ಕೇಳುವುದಾದರೂ ಹೇಗೆ? ಕಟ್ಟುವ ಮುಂಚೆ ನನ್ನನ್ನೊಂದು ಮಾತು ಕೇಳಿದ್ದರೆ ಬೇರೆ ಚಾನೆಲ್ ಹೇಳುತ್ತಿದ್ದೆ. ಕೇಳಿರಲಿಲ್ಲ.

ಗಂಡ, "ಪಾಪ, ಒಳ್ಳೇದಕ್ಕೇ ಕಟ್ಟವ್ನೆ ಕಣೇ" ಎಂದರು. ನಾನು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಮೊದಲು ಪುಕ್ಕಟೆ ಕೊಟ್ಟು ರುಚಿ ಹತ್ತಿಸಿ, ಆಮೇಲೆ ಭಾಯಿಯ ಮನೆಗಳನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುವ ಹೂಟ ಯಾಕಿರಬಾರದು? ಮುಯ್ಯಿ ಎಂದು ಬಾಯಿಬಿಟ್ಟು ಹೇಳಿದ್ದನಲ್ಲ?

ಮಾರನೆಯ ದಿನ ಬೀರೂರಿಗೆ ಹೋಗಿ ಅಲ್ಲಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ಹೋದೆ. ಫೋನ್ ಮಾಡಿ ಹೇಳಿರಲಿಲ್ಲ. ಹೇಳಿದರೆ ಮುಖ ಸಿದ್ಧ ಮಾಡಿಕೊಂಡು ಕೂತಿರುತ್ತಾರೆ. ಅಂಗಡಿಯಲ್ಲಿ ಅವನ ಹೆಂಡತಿ ಯಾರಿಗೋ ರೀಚಾರ್ಜ್ ಮಾಡುತ್ತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಒಳಗೆ ಕರೆದಳು. ಅವನು ಹಿತ್ತಿಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ. ನಾನು ಚೀಲದಿಂದ ಡಬ್ಬ ತೆಗೆದು ಅವನ ಮುಂದಿಟ್ಟೆ. ಮುಖ ಬಾಡಿತು.

"ಯಾಕ್ ಬಿಚ್ಚಿದ್ರಿ ಅಕ್ಕ?"

"ಅದು ಇರ್ಲಿ. ಹೇಳ್ದೆ ಕೇಳ್ದೆ ಭಾಯಿ ಕಂಬ ಯಾಕ್ ಹತ್ತಿದೆ?"

"ಗ್ರೂಪ್ನಾಗೆ ಹೇಳಿದ್ನಲ್ಲ, ಮುಯ್ಯಿ ತೀರಿಸ್ತೀನಿ ಅಂತ."

"ಮುಯ್ಯಿ ಅಂದ್ರೆ ಏನಪ್ಪಾ? ಸೇಡು ತಾನೆ?"

ಅವನು ನನ್ನನ್ನೇ ನೋಡಿದ. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಅವನಿಗೆ ನಗುವುದೋ ಅಳುವುದೋ ತಿಳಿಯದಂತಾಯಿತು.

"ಅಯ್ಯೋ ಅಕ್ಕ, ಮುಯ್ಯಾಳು ಕೇಳಿಲ್ವಾ? ಇವತ್ತು ನೀವು ನಮ್ ಹೊಲಕ್ ಬಂದು ಈರುಳ್ಳಿ ಕಿತ್ ಕೊಟ್ರೆ, ನಾಳೆ ನಾನ್ ನಿಮ್ ಹೊಲಕ್ ಬತ್ತೀನಿ. ನೀವು ಒಂದಾಳು ಬಂದಿದ್ರೆ ನಾವೂ ಒಂದಾಳು. ಅದು ಮುಯ್ಯಿ. ಭಾಯಿ ಅವತ್ತು ನಮ್ ಊರನ್ನೇ ಹೊತ್ಕೊಂಡ್ರು. ನಾನು ಬಿಟ್ರೆ ಸೈ ಅನ್ನಿಸ್ಕೊಂತೀನಾ?"

"ಹೇಳಿ ಮಾಡ್ಬೋದಿತ್ತಲ್ಲ?"

"ತೀರಿಸ್ತೀನಿ ಅಂದಿದ್ದಾಯ್ತು. ಹೋಗೋ ದಿನಾನೂ ಹೇಳ್ಕೊಂಡು ಹೋಗ್ತಾರೇನಕ್ಕ ಮುಯ್ಯಿಗೆ? ಹೇಳ್ಕೊಂಡ್ ಹೋದ್ರೆ ಉಪಕಾರ ಮಾಡಿದಂಗಾಗ್ತದೆ. ಸುಮ್ಕೆ ಹೋಗಿ ಹೊಲದಾಗೆ ಒಂದು ಸಾಲು ಹಿಡ್ಕೊಳೋದು."

ಆಗ ನನಗೆ ಅವನ ಮಾತು ಮತ್ತೆ ನೆನಪಾಯಿತು. ತೀರಿಸ್ತೀನಿ ಎಂದಿದ್ದ. ತೀರಿಸ್ಕೊಂತೀನಿ ಎಂದಿರಲಿಲ್ಲ. ಸೇಡಿನವನು ತೀರಿಸಿಕೊಳ್ಳುತ್ತಾನೆ, ಋಣದವನು ತೀರಿಸುತ್ತಾನೆ. ಕನ್ನಡ ಸರಿಯಾಗಿಯೇ ಇತ್ತು. ನಾವು ಪೇಟೆಯವರು, ಕಿವಿಗೆ ಬಿದ್ದ ಮೊದಲ ಪದಕ್ಕೇ ಬೆಚ್ಚಿಬಿದ್ದು ಅದರ ಮುಂದಿನದನ್ನು ಕೇಳಿಸಿಕೊಂಡಿರಲಿಲ್ಲ.

ಅದಕ್ಕಿಂತ ದೊಡ್ಡ ಪೇಚು ನನಗೆ ಬೇರೆಯೇ ಇತ್ತು. ಭಾಯಿ ಊರನ್ನೇ ಹೊತ್ತರು ಎನ್ನುತ್ತಾನೆ. ಹಾಗಾದರೆ ಅರ್ಧ ಮಾಡಿದ್ದು ಇವನಿಗೆ ಗೊತ್ತಿಲ್ಲ. ಭಾಯಿ ಹೆದರಿದ್ದು ತಮ್ಮದೇ ಆ ಅರ್ಧಕ್ಕೆ. ಇದು ಇವನಿಗೆ ತಿಳಿದ ದಿನ ಇವನ ಮುಯ್ಯಿ ನಿಜವಾಗಿಯೂ ನಮ್ಮ ಪೇಟೆಯ ಮುಯ್ಯಿ ಆಗಿಬಿಟ್ಟರೆ? ಅವನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತಾ ಯೋಚಿಸಿದೆ. ಬಾಯಿ ಬಿಡಲಿಲ್ಲ. "ನಿನ್ನನ್ನ ಕಟ್ ಮಾಡ್ಬೇಕು ಅಂತ ಅವ್ರು ಕೂತವ್ರೆ. ನಾಳೆ ಕಡೂರಿಗೆ ಬಾ, ನೀನೇ ಬಾಯಿಬಿಟ್ಟು ಹೇಳು" ಎಂದೆ. ಹೆಂಡತಿ ಅಂಗಡಿಯ ಕಡೆ ಒಮ್ಮೆ ನೋಡಿ, ಅಲ್ಲೇ ಕೂತುಬಿಟ್ಟಳು.

ಮಾರನೆಯ ದಿನ ಮಧ್ಯಾಹ್ನ ನನ್ನ ಸೆಂಟರಿನಲ್ಲಿ ಮೂವರೂ ಸೇರಿದರು. ಗಿರಾಕಿಗಳು ಬಾರದಿರಲಿ ಎಂದು ಅರ್ಧ ಶಟರ್ ಎಳೆದಿದ್ದೆ. ಕಡೂರಿನವರು ಫ್ಯಾನಿನ ಕೆಳಗಿನ ಕುರ್ಚಿ ಹಿಡಿದರು. ಭಾಯಿ ಗೋಡೆ ಬದಿಗೆ ಕೂತು ಅಜ್ಜಂಪುರದವನ ಕಡೆ ನೋಡದೆ ಕನ್ನಡಕ ಒರೆಸುತ್ತಿದ್ದರು. ಅವನು ನಿಂತೇ ಇದ್ದ. ಕೂರಪ್ಪಾ ಎಂದರೂ ಕೂರಲಿಲ್ಲ.

ಡಬ್ಬದೊಳಗೆ ಏನಿತ್ತು, ಗೆರೆ ಯಾಕೆ ಎಡವಿತು ಎಂದು ನಾನು ಕಂಪ್ಯೂಟರಿನಲ್ಲಿ ತೋರಿಸಿದೆ. ಮುಯ್ಯಿ ಎಂದರೆ ಏನು ಎಂದು ಅವನು ಹೇಳಿದ. ಈರುಳ್ಳಿಯ ಮಾತು ಬಂದಾಗ ಭಾಯಿ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು.

"ಕಥೆ ಚೆನ್ನಾಗಿದೆ" ಎಂದರು ಕಡೂರಿನವರು. "ಆದ್ರೆ ಹೇಳ್ದೆ ಕೇಳ್ದೆ ಇನ್ನೊಬ್ರ ಕಂಬ ಹತ್ತೋದು ಕಳ್ಳತನ ಅಲ್ವೇನ್ರೀ? ಭಾಯಿ ಲೈನ್ ಕೆಟ್ಟಿದ್ದಂತೂ ನಿಜ. ಇವತ್ತು ಡಬ್ಬ, ನಾಳೆ ಇನ್ನೊಂದು. ನನ್ ಕೇಳಿದ್ರೆ ಇವತ್ತೇ ಕಟ್ ಮಾಡಿ ಕೈ ತೊಳ್ಕೊಳೋದು ವಾಸಿ. ಏನ್ ಭಾಯ್?"

ಭಾಯಿ ಕನ್ನಡಕ ಹಾಕಿಕೊಂಡರು. ಮೊದಲ ಸಲ ಅಜ್ಜಂಪುರದವನ ಮುಖ ನೋಡಿದರು.

"ಅವತ್ತು ಸಾಯಂಕಾಲ ನಿನ್ ಲೈನು ನಾನು ಅರ್ಧ ಮಾಡ್ಸಿದ್ದೆ ಕಣಪ್ಪಾ. ಮೇಡಂಗೆ ನಾನೇ ಹೇಳಿ ಮಾಡ್ಸಿದ್ದು. ನಿಂಗೆ ಹೇಳ್ತೀನಿ ಅಂದಿದ್ದೆ, ಹೇಳ್ಲಿಲ್ಲ. ನೀನು ಮುಯ್ಯಿ ತೀರಿಸ್ಬೇಕಾದಂಥದ್ದು ನಾನೇನೂ ಮಾಡಿಲ್ಲ."

ಆಯಿತು, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಕಡೂರಿನವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು.

"ಗೊತ್ತು ಭಾಯ್" ಎಂದ ಅವನು.

"ಏನ್ ಗೊತ್ತು?"

"ಅರ್ಧ ಆಗಿದ್ದು. ನಮ್ ಕಡೆ ಕಾಣಲ್ವಾ? ಅವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಡಬ್ಬ ಕಟ್ಟಿದ್ಯಾ?"

"ಫೈಬರ್ ಹೋಗಿತ್ತು. ನಮ್ ಡಬ್ಬಗಳೂ ಹೋಗಿದ್ವು. ಇವ್ರಿಗೆ ನಿಮ್ ಲೈನ್ನಾಗೇ ವಾಟ್ಸಾಪ್ ಫೋನ್ ಮಾಡಿ ಮಾಡಿ ಸಾಕಾಯ್ತು, ಸಿಗ್ಲಿಲ್ಲ." ಕಡೂರಿನವರ ಕಡೆ ಕೈ ತೋರಿಸಿದ, ದೂರುವ ದನಿಯಲ್ಲಲ್ಲ, ಸುಮ್ಮನೆ ಹೇಳುವ ದನಿಯಲ್ಲಿ. "ನಿಮ್ ಮನೆಗಳಲ್ಲೇ ಮ್ಯಾಚ್ ನಿಲ್ತಿತ್ತು. ನಿಮ್ಗೆ ಬಯ್ತಿದ್ರು. ಪೂರ್ತಿ ಕಿತ್ತಿದ್ರೂ ನಾನೇನ್ ಕೇಳೋಕಾಗ್ತಿತ್ತು? ಅಷ್ಟ್ರಲ್ಲೂ ಅರ್ಧ ಬಿಟ್ರಲ್ಲ ಭಾಯ್."

ಹೊರಗೆ ಸ್ಟೇಷನ್ನಿನ ಮೈಕು ಯಾವುದೋ ರೈಲು ತಡ ಎಂದು ಹೇಳುತ್ತಿತ್ತು. ನಾನು ಅವನ ಮುಖವನ್ನೇ ಹುಡುಕಿದೆ. ಕುಹಕ ಎಲ್ಲಾದರೂ ಅಡಗಿದೆಯೇ, ತುಟಿಯ ಅಂಚಿನಲ್ಲಿ, ಕಣ್ಣಿನ ಮೂಲೆಯಲ್ಲಿ ಏನಾದರೂ ಇದೆಯೇ ಎಂದು. ನನ್ನ ಕಣ್ಣಿಗೆ ಯಾವತ್ತೂ ಏನಾದರೊಂದು ಸಿಗುತ್ತದೆ. ಅವತ್ತು ಸಿಗಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ ಕೂತೆ.

ಕಡೂರಿನವರು ಕಾರಿನ ಕೀ ಆಡಿಸುತ್ತಾ ಕೇಳಿದರು, "ಹಂಗಾದ್ರೆ ಆ ಕಟ್ ಮಾಡೋ ವಿಷಯ?"

ಭಾಯಿ ನಿಧಾನವಾಗಿ ಅವರ ಕಡೆ ತಿರುಗಿ, ಅಂಗಿ ಜೇಬಿನಲ್ಲಿದ್ದ ಎರಡು ಫೋನುಗಳನ್ನು ನೋಡಿದರು.

"ಯಾರನ್ನ?" ಎಂದರು.